ಲೇಟೆಕ್ಸ್ ರಕ್ಕಸ ವೇಷ ಕೆಟ್ಟಾಗ ಮೊದಲು ಎಲ್ಲಿ ನೋಡಬೇಕು?

ಮನೆಯಲ್ಲೇ ಮಾಡಿದ ಲೇಟೆಕ್ಸ್ ವೇಷದಲ್ಲಿ ಏನಾದರೂ ತೊಂದರೆ ಕಂಡರೆ ಹೆಚ್ಚಿನವರು ಮಾಡುವ ಕೆಲಸ ಒಂದೇ: ಡಬ್ಬ ತೆರೆದು ಇನ್ನೊಂದು ಕೋಟ್ ಬಳಿಯುವುದು. ಹರಿದಿದೆಯಾ, ಒಂದು ಕೋಟ್. ಅಂಟುತ್ತಿದೆಯಾ, ಒಂದು ಕೋಟ್. ಬಣ್ಣ ಎದ್ದಿದೆಯಾ, ಅದಕ್ಕೂ ಒಂದು ಕೋಟ್. ಇದರಿಂದ ದೋಷ ಹೋಗುವುದಿಲ್ಲ, ಒಳಗೆ ಮುಚ್ಚಿಹೋಗುತ್ತದೆ ಅಷ್ಟೇ.

ಬ್ರಷ್ ಕೆಳಗಿಟ್ಟು ದೋಷ ಎಲ್ಲಿದೆ ಎಂದು ನೋಡಿ. ಲೇಟೆಕ್ಸ್ ಕೆಲಸದಲ್ಲಿ ಜಾಗ ಗೊತ್ತಾದರೆ ಕಾರಣ ಅರ್ಧ ಗೊತ್ತಾದ ಹಾಗೆ. ಮೂಗಿನ ತುದಿಯಲ್ಲಿದ್ದರೆ ಒಂದು ಕಾರಣ, ಸುಕ್ಕಿನ ಗೆರೆಯಲ್ಲಿದ್ದರೆ ಇನ್ನೊಂದು, ಝಿಪ್ ಪಕ್ಕದಲ್ಲಿದ್ದರೆ ಮತ್ತೊಂದು. ಇಡೀ ವೇಷಕ್ಕೆ ಒಂದೇ ಸಮ ಹರಡಿದ್ದರೆ ಡಬ್ಬದ ಮಾಲಿನ ಮೇಲೋ, ವೇಷ ಎತ್ತಿಟ್ಟಿದ್ದ ಜಾಗದ ಮೇಲೋ ಅನುಮಾನ ಪಡಬೇಕು.

ಡಬ್ಬದಲ್ಲಿರುವುದು ರಬ್ಬರ್ ಮರದ ಹಾಲು. ಅದನ್ನು ಯಂತ್ರದಲ್ಲಿ ತಿರುಗಿಸಿ ಗಟ್ಟಿ ಮಾಡಿರುತ್ತಾರೆ. ಅದರಲ್ಲಿ ನೂರಕ್ಕೆ ಸುಮಾರು 60 ಭಾಗ ರಬ್ಬರ್, ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ನೀರು. ಕೆಡದೆ ಇರಲಿ, ಗಂಟು ಕಟ್ಟದಿರಲಿ ಎಂದು ಸ್ವಲ್ಪ ಅಮೋನಿಯ ಸೇರಿಸಿರುತ್ತಾರೆ. ಮೂಗಿಗೆ ಚುರ್ರೆನ್ನುವ ವಾಸನೆ ಅದರದೇ. ಮಣ್ಣಿನಲ್ಲಿ ಆಕಾರ ತಿದ್ದಿ, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದು, ಅಚ್ಚಿನೊಳಗೆ ಈ ಹಾಲು ಸುರಿದು ಮುಖವಾಡ ಮಾಡುತ್ತಾರೆ; ಕೆಲವರು ಅಚ್ಚಿಲ್ಲದೆ ಗೊಂಬೆಯ ಮೇಲೇ ಬ್ರಷ್‌ನಿಂದ ಹಚ್ಚುತ್ತಾರೆ. ನೀರು ಹೋದಂತೆ ರಬ್ಬರ್ ಕಣಗಳು ಒಂದಕ್ಕೊಂದು ಸೇರಿ ಪೊರೆಯಾಗುತ್ತವೆ. ಹಾಗಾಗಿ ತೊಂದರೆಗಳು ಸಾಮಾನ್ಯವಾಗಿ ಮೂರು ಕಡೆಯಿಂದ ಬರುತ್ತವೆ: ನೀರು ಪೂರ್ತಿ ಹೋಗಿರುವುದಿಲ್ಲ, ಎಣ್ಣೆ ಅಥವಾ ಲೋಹ ತಾಗಿರುತ್ತದೆ, ಇಲ್ಲವೇ ಎಳೆತ ಬೀಳಬಾರದ ಕಡೆ ಬಿದ್ದಿರುತ್ತದೆ.

ಮೊದಲು ಈ ಎರಡು ಪರೀಕ್ಷೆ

ಒಂದು, ಟಾರ್ಚ್. ಕತ್ತಲ ಕೋಣೆಯಲ್ಲಿ ಮುಖವಾಡದ ಒಳಗೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ತೆಳ್ಳಗಿರುವ ಕಡೆ ಬೆಳಕು ಜಾಸ್ತಿ ಬರುತ್ತದೆ. ಸೂಜಿ ತೂತುಗಳು ಚುಕ್ಕಿಗಳಾಗಿ ಕಾಣುತ್ತವೆ. ಇದನ್ನು ಬಣ್ಣ ಹಚ್ಚುವ ಮೊದಲೇ ಮಾಡಿ. ಬಣ್ಣ ಬಿದ್ದ ಮೇಲೆ ಅಷ್ಟು ಸರಿಯಾಗಿ ಕಾಣುವುದಿಲ್ಲ.

ಎರಡು, ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅಚ್ಚಿನಿಂದ ಬಿಡಿಸಿದ ಮೇಲೆ ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿದೆ ಅಂದರೆ ನೀರು ಇನ್ನೂ ಹೋಗುತ್ತಿದೆ ಎಂದರ್ಥ. ಇಳಿಯುವುದು ನಿಂತ ಮೇಲೆಯೇ ಬಣ್ಣ, ತೇಪೆ, ಅಂಟು ಎಲ್ಲ. ಕೈಯಲ್ಲಿ ಮುಟ್ಟಿ ಒಣಗಿದೆ ಎಂದು ನಿರ್ಧರಿಸುವುದು ನಂಬಿಕೆಗೆ ತಕ್ಕದ್ದಲ್ಲ, ಯಾಕೆಂದರೆ ಮೇಲ್ಮೈ ಯಾವಾಗಲೂ ಮೊದಲು ಒಣಗುತ್ತದೆ.

ಹಾಲು ಡಬ್ಬದಲ್ಲೇ ಗಂಟು ಕಟ್ಟಿದೆ

ಯಾವಾಗ ಗಂಟಾಯಿತು ಎಂದು ಮೊದಲು ನೆನಪು ಮಾಡಿಕೊಳ್ಳಿ. ತೆಳು ಮಾಡಲು ನೀರು ಸೇರಿಸಿದ ಕೂಡಲೇ ಆಗಿದ್ದರೆ ತಪ್ಪು ನೀರಿನದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ರಬ್ಬರ್ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಡಿಸ್ಟಿಲ್ಡ್ ವಾಟರ್ ಬಳಸಿ, ಅದನ್ನೂ ಸ್ವಲ್ಪ ಸ್ವಲ್ಪವೇ ಹಾಕಿ. ಬಣ್ಣ ಸೇರಿಸಿದ ಕೂಡಲೇ ಗಂಟಾದರೆ ಆ ಬಣ್ಣ ಇದಕ್ಕೆ ಹೊಂದುವುದಿಲ್ಲ. ಯಾವುದೇ ಹುಳಿ ಅಂಶ ಬಿದ್ದರೂ ಲೇಟೆಕ್ಸ್, ನಿಂಬೆ ಹಿಂಡಿದ ಹಾಲಿನ ಹಾಗೆ ಒಡೆಯುತ್ತದೆ. ಹೊಸ ಬಣ್ಣ ಯಾವುದಾದರೂ ಸರಿ, ಒಂದು ಚಮಚ ಹಾಲಿಗೆ ಒಂದು ಹನಿ ಸೇರಿಸಿ ನೋಡದೆ ಇಡೀ ಡಬ್ಬಕ್ಕೆ ಸುರಿಯಬೇಡಿ.

ಏನೂ ಸೇರಿಸದೆ ಸುಮ್ನೆ ಇಟ್ಟಾಗಲೇ ಗಟ್ಟಿಯಾಗಿದ್ದರೆ ಮುಚ್ಚಳ ನೋಡಿ. ಸಡಿಲವಾಗಿದ್ದರೆ ಅಮೋನಿಯ ಹಾರಿಹೋಗಿದೆ. ಅಮೋನಿಯ ವಾಸನೆ ಹೋಗಿ ಹುಳಿ ನಾತ, ಕೊಳೆತ ನಾತ ಬರುತ್ತಿದ್ದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆದಿವೆ. ಅಂಥ ಹಾಲನ್ನು ಉಳಿಸಲು ಹೋಗಬೇಡಿ. ಹೆಪ್ಪುಗಟ್ಟುವಷ್ಟು ಚಳಿಯಲ್ಲಿಟ್ಟರೂ ಒಡೆಯುತ್ತದೆ, ಆಮೇಲೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಮೇಲೆ ತೆಳ್ಳಗೆ ಕೆನೆ ಮಾತ್ರ ಕಟ್ಟಿದ್ದರೆ ಗಾಬರಿ ಬೇಡ. ಕೆನೆ ತೆಗೆದು, ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿ ಬಳಸಬಹುದು.

ಒಣಗುತ್ತಲೇ ಇಲ್ಲ, ಬೆಳ್ಳಗೇ ಉಳಿದಿದೆ

ಬಣ್ಣ ಸೇರಿಸದ ಲೇಟೆಕ್ಸ್ ಹಸಿಯಿದ್ದಾಗ ಬಿಳಿ. ಒಣಗಿದಂತೆ ಬಿಳುಪು ಹೋಗಿ ಬೆಳಕು ತೂರುವ ತಿಳಿ ಹಳದಿಯಾಗುತ್ತದೆ. ಹಾಗಾಗಿ ಬಿಳಿ ಮಚ್ಚೆ ಎಲ್ಲಿದೆಯೋ ಅಲ್ಲಿ ನೀರಿದೆ. ಬೇರೆ ಪರೀಕ್ಷೆಯೇ ಬೇಡ. ಪೂರ್ತಿ ಒಣಗಿದ ಮುಖವಾಡ ಬೆವರಿನಿಂದ, ತೊಳೆದ ನೀರಿನಿಂದ ಮತ್ತೆ ಬಿಳಿಚಿಕೊಳ್ಳುವುದೂ ಇದೇ ಕಾರಣಕ್ಕೆ. ಒಣಗಿಸಿದರೆ ಸರಿಹೋಗುತ್ತದೆ.

ಈಗ ಜಾಗ ನೋಡಿ. ಮಚ್ಚೆ ಮೂಗಿನ ತುದಿ, ಕೊಂಬಿನ ತುದಿ, ಗದ್ದದಲ್ಲಿದ್ದರೆ ಅಲ್ಲಿ ಹಾಲು ನಿಂತು ದಪ್ಪವಾಗಿದೆ. ಅಚ್ಚಿನೊಳಗೆ ಅವು ಗುಂಡಿಗಳಲ್ಲವೇ? ಹೆಚ್ಚಾದ ಹಾಲು ಸುರಿದುಬಿಡುವಾಗ ಅಚ್ಚನ್ನು ಒಂದೇ ಕಡೆ ಬಗ್ಗಿಸಿದರೆ ಗುಂಡಿಯ ಹಾಲು ಅಲ್ಲೇ ಉಳಿಯುತ್ತದೆ. ಸುತ್ತಲೂ ತಿರುಗಿಸುತ್ತಾ ಬಸಿಯಬೇಕು. ಈಗಾಗಲೇ ನಿಂತುಬಿಟ್ಟಿದ್ದರೆ ಒಳಗಿನಿಂದ ಫ್ಯಾನ್ ಗಾಳಿ ಬಿಟ್ಟು ಕಾಯುವುದೇ ದಾರಿ. ಹೇರ್ ಡ್ರೈಯರ್‌ನ ಬಿಸಿ ಗಾಳಿ ಹತ್ತಿರದಿಂದ ಬಿಡಬೇಡಿ. ಮೇಲೆ ತೊಗಲು ಕಟ್ಟಿ ಒಳಗಿನ ನೀರು ಸಿಕ್ಕಿಹಾಕಿಕೊಳ್ಳುತ್ತದೆ.

ಬ್ರಷ್‌ನಿಂದ ಹಚ್ಚಿದ ತುಂಡುಗಳಲ್ಲಿ ಎಲ್ಲೆಲ್ಲೂ ಬಿಳುಪು ಉಳಿದಿದ್ದರೆ ಕೋಟ್ ದಪ್ಪವಾಯಿತು, ಅಥವಾ ಒಂದು ಒಣಗುವ ಮೊದಲೇ ಇನ್ನೊಂದು ಬಿತ್ತು. ಐದು ತೆಳು ಕೋಟ್ ಎರಡು ದಪ್ಪ ಕೋಟ್‌ಗಿಂತ ಬೇಗ ಒಣಗುತ್ತವೆ. ಕೇಳಲು ವಿಚಿತ್ರ, ಆದರೆ ನಿಜ.

ಅಚ್ಚಿನಲ್ಲಿ ಸುರಿದದ್ದು ದಪ್ಪವೇ ಕಟ್ಟದಿದ್ದರೆ ಅಚ್ಚೇ ಹಸಿಯಿದೆ. ಪ್ಲಾಸ್ಟರ್ ಅಚ್ಚು ನೀರು ಹೀರಿದರೆ ಮಾತ್ರ ಗೋಡೆಗೆ ರಬ್ಬರ್ ಕಟ್ಟುತ್ತದೆ. ಹೊಸ ಅಚ್ಚನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಅದರೊಳಗೆ ಇನ್ನೂ ನೀರಿದೆ. ಒಣ ಅಚ್ಚಿನಲ್ಲಿ ಹಾಲನ್ನು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಸುರಿದುಬಿಡುತ್ತಾರೆ. ಹೆಚ್ಚು ಹೊತ್ತು ಬಿಟ್ಟಷ್ಟೂ ದಪ್ಪ. ಒಂದರ ಹಿಂದೆ ಒಂದು ಮುಖವಾಡ ತೆಗೆದರೆ ಅಚ್ಚಿಗೆ ಹೀರುವ ಶಕ್ತಿ ಉಳಿಯುವುದಿಲ್ಲ, ನಡುವೆ ಒಣಗಿಸಿ. ಆದರೆ 50 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ, ಪ್ಲಾಸ್ಟರ್ ಪುಡಿಪುಡಿಯಾಗಲು ಶುರುವಾಗುತ್ತದೆ.

ಬಿಗಿಯಾಗಿದೆ, ತಲೆಗೆ ಹೋಗುತ್ತಿಲ್ಲ

ಅಳತೆ ತಪ್ಪಿರಬೇಕೆಂದೇನೂ ಇಲ್ಲ. ನೀರು ಹೋದಂತೆ ಲೇಟೆಕ್ಸ್ ಕುಗ್ಗುತ್ತದೆ. ಶೇ 5ರಿಂದ 10ರಷ್ಟು ಕುಗ್ಗುವುದು ಮಾಮೂಲು. ಮಣ್ಣಿನಲ್ಲಿ ತಿದ್ದುವಾಗಲೇ ಆಕಾರವನ್ನು ಅಷ್ಟು ದೊಡ್ಡದಾಗಿ ಮಾಡಿಕೊಳ್ಳಬೇಕು. ಬಿಡಿಸಿದ ಮುಖವಾಡವನ್ನು ತಲೆಯಾಕಾರದ ಗೊಂಬೆಗೆ ಹಾಕಿ ಒಣಗಿಸಿದರೆ ಕುಗ್ಗುವುದು ಸ್ವಲ್ಪ ತಡೆಯುತ್ತದೆ. ಕುಗ್ಗಿಬಿಟ್ಟದ್ದನ್ನು ಎಳೆದು ಹಿಗ್ಗಿಸಲು ಹೋಗಬೇಡಿ. ಹಿಂಬದಿ ಸೀಳಿ, ನಡುವೆ ಹಿಗ್ಗುವ ಬಟ್ಟೆಯ ಪಟ್ಟಿ ಸೇರಿಸುವುದೇ ಮೇಲು.

ಅಂಟಂಟಾಗಿದೆ

ಇಲ್ಲೇ ಜನ ಜಾಸ್ತಿ ತಪ್ಪು ಲೆಕ್ಕ ಹಾಕುವುದು. ಅಂಟು ಒಂದೇ ಬಗೆಯದಲ್ಲ.

ಹೊಸ ಲೇಟೆಕ್ಸ್ ತನಗೆ ತಾನೇ ಅಂಟಿಕೊಳ್ಳುತ್ತದೆ, ಬೆರಳಿಗೆ ಅಷ್ಟಾಗಿ ಅಂಟುವುದಿಲ್ಲ. ಇದು ರೋಗವಲ್ಲ, ಅದರ ಗುಣ. ಅಚ್ಚಿನಿಂದ ಬಿಡಿಸುವಾಗಲೇ ಒಳಗೂ ಹೊರಗೂ ಟಾಲ್ಕಂ ಪೌಡರ್ ಉದುರಿಸುತ್ತಾ ಹೋಗಿ. ಪೌಡರ್ ಇಲ್ಲದೆ ಕಿವಿಯೊಂದು ಮಡಿಸಿಕೊಂಡು ಒಳಗೆ ಅಂಟಿತೆಂದರೆ ಬಿಡಿಸುವುದು ಕಷ್ಟ.

ಎರಡನೆಯದು ಎಣ್ಣೆಯ ಅಂಟು. ಇದು ಅಲ್ಲಲ್ಲಿ ಮಾತ್ರ ಇರುತ್ತದೆ. ಹೊರಮೈಯ ಸುಕ್ಕುಗಳೊಳಗೆ ಮಾತ್ರ ಅಂಟಿದ್ದರೆ ಅಚ್ಚಿನಲ್ಲಿ ಎಣ್ಣೆ ಬೆರೆತ ಜೇಡಿ ಉಳಿದಿದೆ. ಅಚ್ಚು ಸುಲಭವಾಗಿ ಬಿಡಲಿ ಎಂದು ವ್ಯಾಸಲೀನ್ ಸವರಿದ್ದರೂ ಹೀಗೇ ಆಗುತ್ತದೆ. ಲೇಟೆಕ್ಸ್ ಸುರಿಯುವ ಪ್ಲಾಸ್ಟರ್ ಅಚ್ಚಿಗೆ ಯಾವ ಎಣ್ಣೆಯೂ ಬೇಡ. ಅದು ರಬ್ಬರನ್ನೂ ಕೆಡಿಸುತ್ತದೆ, ಪ್ಲಾಸ್ಟರಿನ ರಂಧ್ರವನ್ನೂ ಮುಚ್ಚುತ್ತದೆ. ಅಂಟು ಒಳಗಡೆ, ಹಣೆ ಮತ್ತು ಕುತ್ತಿಗೆಯ ಸುತ್ತ ಇದ್ದರೆ ತೊಟ್ಟವರನ್ನು ಕೇಳಿ: ತಲೆಗೆ ಎಣ್ಣೆ ಹಾಕಿದ್ದರಾ, ಮುಖಕ್ಕೆ ಕ್ರೀಮ್ ಹಚ್ಚಿದ್ದರಾ? ಉತ್ತರ ಅಲ್ಲೇ ಸಿಗುತ್ತದೆ. ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡು ಮುಖವಾಡ ತೊಡುವ ಅಭ್ಯಾಸ ಮಾಡಿಸಿ.

ಮೂರನೆಯ ಅಂಟು ಕೆಟ್ಟ ಸುದ್ದಿ. ಮುಟ್ಟಿದರೆ ಬೆರಳಚ್ಚು ಉಳಿಯುತ್ತದೆ, ಮೈ ಕಂದಾಗಿದೆ, ಎಳೆದರೆ ಹಿಂದಕ್ಕೆ ಬರುವುದಿಲ್ಲ. ಬಿಸಿಲು, ಬಿಸಿ, ಗಾಳಿಯಿಂದ ರಬ್ಬರೇ ಕರಗತೊಡಗಿದೆ. ಇಲ್ಲಿಂದ ಮುಂದೆ ಅದು ಒಣಗಿ ಗಟ್ಟಿಯಾಗಿ ಒಡೆಯುತ್ತದೆ.

ಯಾವ ಅಂಟೆಂದು ತಿಳಿಯದಿದ್ದರೆ ಒಂದು ಕಡೆ ಪೌಡರ್ ತಿಕ್ಕಿ ಮಾರನೆಯ ದಿನ ಮುಟ್ಟಿ ನೋಡಿ. ನುಣುಪಾಗೇ ಇದ್ದರೆ ಮೊದಲನೆಯದು. ಪೌಡರನ್ನು ನುಂಗಿ ಮತ್ತೆ ಅಂಟುತ್ತಿದ್ದರೆ ಎಣ್ಣೆಯೋ, ರಬ್ಬರ್ ಕೆಡುತ್ತಿರುವುದೋ ಇರಬೇಕು. ಎಣ್ಣೆ ಈಚಿನದಾದರೆ ಸೋಪು ನೀರಿನಲ್ಲಿ ಕೂಡಲೇ ತೊಳೆದರೆ ಉಳಿಯುವ ಸಾಧ್ಯತೆ ಇದೆ. ಒಳಗಿಳಿದಿದ್ದರೆ ಆ ಭಾಗ ಕತ್ತರಿಸಿ ಹೊಸ ತುಂಡು ಹಾಕಿ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್‌ನಲ್ಲಿ ಒರೆಸಬೇಡಿ. ಅವು ರಬ್ಬರನ್ನು ಉಬ್ಬಿಸಿ ಇನ್ನಷ್ಟು ಕೆಡಿಸುತ್ತವೆ.

ಕಂದು ಕಲೆ

ಝಿಪ್ಪಿನ ಗುಂಟ, ಗುಂಡಿಯ ಸುತ್ತ, ಬಕಲ್ ಕೆಳಗೆ ಕಂದು ಕಲೆ ಬಿದ್ದಿದ್ದರೆ ಅದು ಹಿತ್ತಾಳೆ ಅಥವಾ ತಾಮ್ರದ ಕೆಲಸ. ತಾಮ್ರ ಕಲೆ ಮಾಡುವುದಷ್ಟೇ ಅಲ್ಲ, ರಬ್ಬರ್ ಬೇಗ ಹಳಸುವಂತೆಯೂ ಮಾಡುತ್ತದೆ. ಕಲೆ ಹೋಗುವುದಿಲ್ಲ. ಪ್ಲಾಸ್ಟಿಕ್ ಝಿಪ್‌ಗೆ ಬದಲಿಸಿ, ಕಲೆಯ ಮೇಲೆ ಬಣ್ಣ ಹಚ್ಚಿ. ಹಾಲು ಕಲಸಲು ತಾಮ್ರ, ಹಿತ್ತಾಳೆ ಪಾತ್ರೆ ಬಳಸಬೇಡಿ ಎಂದು ಬೇರೆ ಹೇಳಬೇಕಿಲ್ಲ ಅಲ್ವಾ?

ಹರಿದಿದೆ

ವೇಷವನ್ನು ಮತ್ತೆ ಮತ್ತೆ ತೊಡಬೇಕೆಂದಿದ್ದರೆ ಗಮನ ಕೊಡಬೇಕಾದ್ದು ಇಲ್ಲಿ. ತೇಪೆ ಹಾಕುವ ಮೊದಲು ಹರಿದದ್ದು ಎಲ್ಲಿಂದ ಶುರುವಾಯಿತೆಂದು ಹುಡುಕಿ.

ಸುಕ್ಕಿನ ಗೆರೆಯಲ್ಲಿ, ಕಣ್ಣಿನ ಗುಳಿಯಲ್ಲಿ ಹರಿದಿದ್ದರೆ ಅಲ್ಲಿ ರಬ್ಬರ್ ತೆಳ್ಳಗಿದೆ. ಕಾರಣ ಸರಳ. ಮುಖದ ಮೇಲೆ ಆಳವಾದ ಗೆರೆ ಅಚ್ಚಿನೊಳಗೆ ಏಣಾಗಿ ಎದ್ದು ನಿಂತಿರುತ್ತದೆ. ಏಣಿನ ಮೇಲೆ ಹಾಲು ನಿಲ್ಲುವುದಿಲ್ಲ, ಜಾರಿ ಇಳಿಯುತ್ತದೆ. ಅಚ್ಚಿಲ್ಲದೆ ಗೊಂಬೆಯ ಮೇಲೇ ಬ್ರಷ್‌ನಿಂದ ಹಚ್ಚುವವರಿಗೆ ಇದು ತಿರುವುಮುರುವು: ಅಲ್ಲಿ ಗೆರೆಯಲ್ಲಿ ದಪ್ಪ, ಮೂಗಿನ ತುದಿಯಲ್ಲಿ ತೆಳು. ಅಚ್ಚಿನಲ್ಲಿ ಮಾಡುವವರು ಸುರಿಯುವ ಮೊದಲು ಏಣುಗಳ ಮೇಲೆ ಬ್ರಷ್‌ನಿಂದ ಒಂದು ಕೋಟ್ ಕೊಡಲಿ. ಗುಳ್ಳೆಗಳೂ ಇದರಿಂದ ಕಡಿಮೆಯಾಗುತ್ತವೆ. ಬ್ರಷ್ಷನ್ನು ಮೊದಲು ಸೋಪು ನೀರಿನಲ್ಲಿ ಅದ್ದಿಕೊಳ್ಳಿ, ಇಲ್ಲವಾದರೆ ಕೂದಲೆಲ್ಲ ಒಂದಾಗಿ ಬ್ರಷ್ ಹೋಗುತ್ತದೆ.

ಅಂಚಿನಿಂದ ಒಳಕ್ಕೆ ನೇರವಾಗಿ ಸೀಳಿದ್ದರೆ ಕತ್ತರಿಯ ಗುರುತು ಹುಡುಕಿ. ಕತ್ತರಿ ನಿಲ್ಲಿಸಿ ಮತ್ತೆ ಶುರು ಮಾಡಿದ ಕಡೆ ಸಣ್ಣ ಕಚ್ಚು ಬಿದ್ದಿರುತ್ತದೆ. ಲೇಟೆಕ್ಸ್ ಎಷ್ಟು ಎಳೆದರೂ ತಡೆಯುತ್ತದೆ, ಕಚ್ಚು ಬಿದ್ದರೆ ಮಾತ್ರ ಸರ್ರನೆ ಹರಿಯುತ್ತದೆ. ಹಿಂಬದಿಯ ಸೀಳು ಮುಗಿಯುವ ಕಡೆ ಚೂಪಾಗಿ ನಿಲ್ಲಿಸದೆ ದುಂಡಗಿನ ತೂತು ಮಾಡಿ. ಬೆರಳಿಗಿಂತ ಸಣ್ಣದು ಸಾಕು. ಕುತ್ತಿಗೆಯ ಅಂಚನ್ನು, ಪೌಡರ್ ಹಾಕುವ ಮೊದಲೇ, ಸುರುಳಿ ಸುತ್ತಿಬಿಡಿ. ಅದು ತಾನಾಗಿ ಅಂಟಿ ಗಟ್ಟಿ ಅಂಚಾಗುತ್ತದೆ.

ಬಟ್ಟೆಯ ಬಲ ಕೊಟ್ಟ ಜಾಗದ ಪಕ್ಕದಲ್ಲೇ ಹರಿದಿದ್ದರೆ ತಪ್ಪು ಬಟ್ಟೆಯದು. ಹಿಗ್ಗದ ಬಟ್ಟೆ ಹಾಕಿದರೆ ಎಳೆತವೆಲ್ಲ ಬಟ್ಟೆ ಮುಗಿಯುವ ಗೆರೆಯ ಮೇಲೆ ಬೀಳುತ್ತದೆ. ಹಿಗ್ಗುವ ನೈಲಾನ್ ಬಟ್ಟೆ ಹಾಕಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಕೊನೆಯ ಕೋಟನ್ನು ಬಟ್ಟೆಗಿಂತ ಆಚೆಗೂ ತೆಳ್ಳಗೆ ಹರಡಿ.

ಕಂಕುಳು, ಮೊಣಕೈ, ತೊಡೆಸಂದಿಯಲ್ಲಿ ಹರಿಯುತ್ತಲೇ ಇದ್ದರೆ ದಪ್ಪ ಹೆಚ್ಚಿಸಿ ಪ್ರಯೋಜನವಿಲ್ಲ. ಇಡೀ ಮೈಯನ್ನು ಒಂದೇ ರಬ್ಬರ್ ಚೀಲವಾಗಿ ಮಾಡಿದ್ದೇ ತೊಂದರೆ. ಹಿಗ್ಗುವ ಲೈಕ್ರಾ ಉಡುಪಿನ ಮೇಲೆ ಲೇಟೆಕ್ಸ್ ಹುರುಪೆಗಳನ್ನು ಬೇರೆ ಬೇರೆಯಾಗಿ ಅಂಟಿಸಿ, ಸಂದುಗಳಲ್ಲಿ ಬರೀ ಬಟ್ಟೆ ಬಿಡಿ. ಮೇಲಿನ ಹುರುಪೆ ಕೆಳಗಿನದನ್ನು ಸ್ವಲ್ಪ ಮುಚ್ಚಿದರೆ ಬಟ್ಟೆ ಕಾಣುವುದಿಲ್ಲ. ಬೆವರಿಗೂ ಹೊರಹೋಗಲು ದಾರಿಯಾಗುತ್ತದೆ. ಮತ್ತೆ ಮತ್ತೆ ತೊಡುವ ವೇಷಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಂಡಿಲ್ಲ.

ಮಡಿಕೆಯ ಮೇಲೆ ಸಾಲುಸಾಲಾಗಿ ಸಣ್ಣ ಬಿರುಕುಗಳಿದ್ದರೆ ಅದು ಹರಿದದ್ದಲ್ಲ. ಗಾಳಿಯಲ್ಲಿರುವ ಓಝೋನ್ ಎಳೆತದಲ್ಲಿರುವ ರಬ್ಬರನ್ನು ಕಡಿಯುತ್ತದೆ. ಬಿರುಕು ಯಾವಾಗಲೂ ಎಳೆತಕ್ಕೆ ಅಡ್ಡವಾಗಿ ಬೀಳುತ್ತದೆ. ಮಡಿಸಿಟ್ಟ, ಜೋತುಹಾಕಿದ ವೇಷಕ್ಕೆ ಬರುವ ಕಾಯಿಲೆ ಇದು. ಕಿಡಿ ಹಾರುವ ವಿದ್ಯುತ್ ಮೋಟಾರಿನ ಹತ್ತಿರ ಓಝೋನ್ ಹೆಚ್ಚು, ಅಂಥ ಕಡೆ ಇಡಬೇಡಿ.

ತೇಪೆ ನಿಲ್ಲದೆ ಎದ್ದು ಬರುತ್ತಿದ್ದರೆ ತೇಪೆಯ ಹಿಂಭಾಗ ನೋಡಿ. ಬೆಳ್ಳಗೆ ಪೌಡರ್ ಅಂಟಿದೆಯಾ? ಒಳಗೆ ಹಾಕಿದ್ದ ಟಾಲ್ಕಂ ಅದು. ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಆಮೇಲೆ ಎರಡೂ ಕಡೆ ಲೇಟೆಕ್ಸ್ ಹಚ್ಚಿ, ಎರಡೂ ಒಣಗಿದ ಮೇಲೆ ಒತ್ತಿ. ಒಣಗಿದ ಲೇಟೆಕ್ಸ್ ಒಣಗಿದ ಲೇಟೆಕ್ಸಿಗೆ ಹಸಿಯದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಒಮ್ಮೆ ತಾಗಿದರೆ ಸರಿಸಲಾಗದು, ಹಾಗಾಗಿ ನೋಡಿಕೊಂಡು ಒತ್ತಿ. ತೇಪೆ ಯಾವಾಗಲೂ ಒಳಗಿನಿಂದ.

ಬಣ್ಣ ಉದುರುತ್ತಿದೆ

ಉದುರಿದ ಚೂರನ್ನು ಕೈಯಲ್ಲಿ ಹಿಡಿದು ನೋಡಿ. ಬಗ್ಗಿಸಿದರೆ ಮುರಿಯುತ್ತದಾ? ಹಾಗಾದರೆ ಬರೀ ಅಕ್ರಿಲಿಕ್ ಬಣ್ಣ ಹಚ್ಚಿದ್ದೀರಿ. ರಬ್ಬರ್ ಹಿಗ್ಗುತ್ತದೆ, ಆ ಬಣ್ಣ ಅಷ್ಟು ಹಿಗ್ಗುವುದಿಲ್ಲ. ಬಾಗುತ್ತದೆ ಆದರೆ ಹಾಳೆಯಂತೆ ಎದ್ದು ಬರುತ್ತಿದೆ ಅಂದರೆ ಬಣ್ಣ ಸರಿಯಿದೆ, ಕೆಳಗಿನ ಮೈಯಲ್ಲಿ ಪೌಡರೋ ಜಿಡ್ಡೋ ಉಳಿದಿದೆ.

ಲೇಟೆಕ್ಸಿಗೇ ಸ್ವಲ್ಪ ಅಕ್ರಿಲಿಕ್ ಬೆರೆಸಿ ತೆಳ್ಳಗೆ ಹಚ್ಚುವುದು ಮನೆಯಲ್ಲಿ ಸುಲಭ. ಒಂದು ವಿಷಯ ನೆನಪಿರಲಿ: ಹಸಿ ಲೇಟೆಕ್ಸಿನ ಬಿಳುಪಿನಿಂದ ಬಣ್ಣ ತೆಳುವಾಗಿ ಕಾಣುತ್ತದೆ, ಒಣಗಿದಾಗ ಗಾಢವಾಗುತ್ತದೆ. ಬಟ್ಟಲಲ್ಲಿ ಕಂಡ ಬಣ್ಣ ನಂಬಿ ಇಡೀ ಮುಖ ಮುಗಿಸಬೇಡಿ. ಬಣ್ಣ ಒಣಗಿದ ಮೇಲೆ ಮತ್ತೆ ಪೌಡರ್ ಹಾಕಿ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಮೊದಲಿನಂತೆ ಕಾಣುತ್ತದೆ.

ನಾತ, ಬೂಷ್ಟು

ಅಮೋನಿಯ ವಾಸನೆ ಒಣಗಿದಂತೆ ತಾನಾಗಿ ಹೋಗುತ್ತದೆ. ಬೆವರಿನ ನಾತ ಹೋಗುವುದಿಲ್ಲ. ಕಳಚಿದ ದಿನವೇ ಒಳಗನ್ನು ಉಗುರುಬೆಚ್ಚಗಿನ ನೀರು, ಮೆದು ಸೋಪಿನಲ್ಲಿ ಕೈಯಿಂದ ತೊಳೆದು ನೆರಳಲ್ಲಿ ಒಣಗಿಸಿ. ತೊಳೆಯಲಾಗದಿದ್ದರೆ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಳಗೆ ಸಿಂಪಡಿಸಿ ಗಾಳಿಗಿಡಿ, ಹತ್ತಿರ ಬೆಂಕಿ ಇರಬಾರದು. ಬ್ಲೀಚ್ ಬೇಡ, ಕ್ಲೋರಿನ್ ರಬ್ಬರಿನ ಮೈಯನ್ನು ಗಡಸು ಮಾಡುತ್ತದೆ. ವಾಷಿಂಗ್ ಮಷಿನ್ನಂತೂ ಬೇಡವೇ ಬೇಡ. ಬೂಷ್ಟು ಬಂದಿದ್ದರೆ ಒದ್ದೆಯಿರುವಾಗಲೇ ಮುಚ್ಚಿಟ್ಟಿದ್ದೀರಿ.

ತೊಟ್ಟವರಿಗೇ ತೊಂದರೆ

ತುರಿಕೆ, ದದ್ದು, ಕಣ್ಣು ಊದುವುದು, ಉಬ್ಬಸ ಕಂಡರೆ ದೋಷ ವೇಷದಲ್ಲಿ ಹುಡುಕಬೇಡಿ. ಕೂಡಲೇ ಕಳಚಿಸಿ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ರಬ್ಬರ್ ಹಾಲಿನಲ್ಲಿರುವ ಪ್ರೋಟೀನ್ ಕೆಲವರಿಗೆ ಅಲರ್ಜಿ. ಬಾಳೆಹಣ್ಣು, ಕಿವಿ ಹಣ್ಣು, ಬೆಣ್ಣೆಹಣ್ಣು ತಿಂದರೆ ಅಲರ್ಜಿ ಆಗುವವರಲ್ಲಿ ಇದೂ ಇರುವ ಸಾಧ್ಯತೆ ಹೆಚ್ಚು. ಒಳಗೆ ಬಟ್ಟೆ ಹಾಕಿಕೊಂಡರೆ ಸಾಕು ಎನ್ನುವುದು ಸರಿಯಲ್ಲ. ಆ ಪ್ರೋಟೀನ್ ಪೌಡರ್‌ನ ಜೊತೆ ಗಾಳಿಯಲ್ಲಿ ಹಾರಿ ಮೂಗಿಗೂ ಹೋಗುತ್ತದೆ.

ತಲೆಸುತ್ತು, ಸುಸ್ತು ಕಂಡರೆ ಸೆಕೆ. ಲೇಟೆಕ್ಸ್ ಬೆವರನ್ನು ಆರಲು ಬಿಡುವುದಿಲ್ಲ. ಮೂಗು, ಬಾಯಿ, ಕಿವಿಯ ಹಿಂದೆ ತೂತುಗಳನ್ನು ದೊಡ್ಡದು ಮಾಡಿ, ಆಗಾಗ ಮುಖವಾಡ ಕಳಚಿಸಿ. ಒಬ್ಬರೇ ಇದ್ದಾಗ ಪೂರ್ತಿ ವೇಷ ತೊಡಬೇಡಿ.

ಎತ್ತಿಡುವುದು, ಎಸೆಯುವುದು

ಪೌಡರ್ ಹಾಕಿ, ಒಳಗೆ ಬಿಳಿ ಹಾಳೆಯನ್ನೋ ಸ್ಪಂಜನ್ನೋ ತುಂಬಿ, ಆಕಾರ ನಿಂತಿರುವಂತೆ ಕತ್ತಲಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಪತ್ರಿಕೆಯ ಹಾಳೆ ಬೇಡ, ಶಾಯಿ ಮೆತ್ತಿಕೊಳ್ಳುತ್ತದೆ. ಮೈಭಾಗವನ್ನು ತಂತಿ ಹ್ಯಾಂಗರಿಗೆ ಹಾಕಿದರೆ ಭುಜದ ಮೇಲೆ ಎಳೆತ ಬಿದ್ದು ಅಲ್ಲೇ ಬಿರುಕು ಶುರುವಾಗುತ್ತದೆ. ಮಲಗಿಸಿಡಿ.

ಬೆರಳಚ್ಚು ಉಳಿಯುವ ಅಂಟು ಇಡೀ ಮೈಗೆ ಹರಡಿದ್ದರೆ ತೇಪೆ ಹಾಕುತ್ತಾ ಕೂರಬೇಡಿ. ಆ ತೊಗಲು ಮುಗಿಯಿತು. ಅಚ್ಚು ಚೆನ್ನಾಗಿದ್ದರೆ ಹೊಸದು ಸುರಿಯುವುದು ರಿಪೇರಿಗಿಂತ ಕಡಿಮೆ ಕೆಲಸ. ಹಲ್ಲು, ಕಣ್ಣು, ಕೊಂಬು, ಪ್ಲಾಸ್ಟಿಕ್ ಝಿಪ್ ಬಿಡಿಸಿಟ್ಟುಕೊಳ್ಳಿ. ಅವುಗಳಿಗೆ ಮೆತ್ತಿರುವ ಹಳೆಯ ಅಂಟನ್ನು ಪೂರ್ತಿ ಕೆರೆದು, ಸೋಪಿನಲ್ಲಿ ತೊಳೆದ ಮೇಲೆಯೇ ಹೊಸ ತೊಗಲಿಗೆ ಸೇರಿಸಿ.